ಬಾಗಿಲಿಗೆ ಅಡ್ಡ ಇಟ್ಟ ಕೋಲು

ನಕಲಿ ಇಮೇಲ್ ತಡೆಯುವ ನಿಯಮಗಳನ್ನು ರೂಪಿಸುವ ಕಮಿಟಿಯೊಂದರಲ್ಲಿ ನಾನೂ ಇದ್ದೇನೆ. ಡೊಮೈನ್, ಅಂದರೆ ಇಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು, ಪಡೆದವರು ತಮ್ಮ ಹೆಸರಿನ ನಕಲಿ ಮೇಲ್‌ಗಳನ್ನು ಏನು ಮಾಡಬೇಕೆಂಬ ನಿಯಮ ಹಾಕಲು ಮರೆತರೆ, ಆ ಡೊಮೈನ್ ಹಂಚುವ ರಿಜಿಸ್ಟ್ರಿಯವರು ಹಾಕಿದ್ದನ್ನು ಒಪ್ಪಬಹುದೇ ಎಂದು ಚರ್ಚೆ ನಡೆದಿತ್ತು. ರಿಜಿಸ್ಟ್ರಿಯವರನ್ನು ನಂಬುವುದೇ ಬೇಡ ಎಂದು ನಾನು ಹಟ ಹಿಡಿದಿದ್ದೆ.

ಆ ಶುಕ್ರವಾರ ಕುದ್ರೋಳಿಯ ಹಮೀದಾಕನ ಒಣಮೀನಿನ ಅಂಗಡಿಯಲ್ಲಿದ್ದೆ. ಅವರ ಹೆಸರಿನಲ್ಲಿ ಯಾರೋ ಗಿರಾಕಿಗಳಿಗೆ ನಕಲಿ ಮೇಲ್ ಕಳಿಸುತ್ತಿದ್ದರು, ಅದನ್ನು ನಿಲ್ಲಿಸಬೇಕಿತ್ತು. ಜುಮಾ ನಮಾಜಿನ ಹೊತ್ತಾಯಿತು. ನನ್ನನ್ನು ಒಳಗೆ ಕೂತಿರಲು ಹೇಳಿ, ವ್ಯಾಪಾರ ಸದ್ಯಕ್ಕಿಲ್ಲ ಎಂಬ ಗುರುತಿಗೆ ಬಾಗಿಲಿಗೆ ಅಡ್ಡ ಕೋಲಿಟ್ಟು, ಹಮೀದಾಕ ಪಕ್ಕದಂಗಡಿಯ ವಾಸಣ್ಣನನ್ನು ಕರೆದು, "ಸ್ವಲ್ಪ ನೋಡಿಕೋ ಮಾರಾಯ" ಎಂದರು.

ವಾಸಣ್ಣ ಮಾರುವುದೂ ಒಣಮೀನೇ.

"ಎಂತ ಹಮೀದಾಕ, ಅವರನ್ನು ನಂಬುವುದಾ?" ಮೆಲ್ಲಗೆ ಕೇಳಿದೆ.

"ನನ್ನ ಅಂಗಡಿಗೆ ಯಾರು ಬಂದರು ಅಂತ ಅವ ದಿನವಿಡೀ ನೋಡ್ತಾನೆ. ಇವತ್ತು ನಾನೇ ನೋಡು ಅಂತ ಹೇಳಿದ್ದು, ಅಷ್ಟೇ. ಅವ ಎಂತಾದರೂ ಮುಟ್ಟಿದರೆ ನೋಡ್ಲಿಕ್ಕೆ ಇಡೀ ಬೀದಿ ಉಂಟಲ್ಲ!" ಎಂದು ಹಮೀದಾಕ ಮಸೀದಿಗೆ ನಡೆದರು.

ರಿಜಿಸ್ಟ್ರಿಯವರು ನಿಯಮ ಹಾಕುವುದೂ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲೇ. ಖುಷಿಯಾಗಿ, ಅಲ್ಲೇ ಲ್ಯಾಪ್‌ಟಾಪ್ ತೆರೆದು, 'ಅವರನ್ನು ನಂಬಬಹುದು' ಎಂದು ಕಮಿಟಿಗೆ ಬರೆದೆ.

ಕಳಿಸಿ ತಲೆ ಎತ್ತಿದರೆ, ವಾಸಣ್ಣ ಕೋಲಿನ ಆಚೆ ಸ್ಟೂಲ್ ಹಾಕಿ ಕೂತು, ನಾನೆಲ್ಲಿ ಏನಾದರೂ ಮುಟ್ಟುತ್ತೇನೋ ಎಂದು ನನ್ನ ಮೇಲೇ ಕಣ್ಣಿಟ್ಟು ಕಾಯುತ್ತಿದ್ದರು.