ಬೇಡ ಅಂದಮೇಲೆ ಇನ್ನೊಮ್ಮೆ

ಇದೆಲ್ಲ ನಡೆದಾಗ ನಾನು ಅಲ್ಲೇ ಇದ್ದೆನೋ, ಹತ್ತಾರು ಸಲ ಕೇಳಿ ಕೇಳಿ ನನ್ನನ್ನೂ ಅಲ್ಲಿ ನಿಲ್ಲಿಸಿಕೊಂಡೆನೋ, ಹೇಳಲಾರೆ. ಸಾಕ್ಷ್ಯವಿಲ್ಲದೆ ಏನನ್ನೂ ನಂಬಬೇಡ ಎಂದು ಯೂನಿವರ್ಸಿಟಿಯಲ್ಲಿ ಕಲಿಸಿದ್ದು ಈಗ ನನ್ನ ನೆನಪಿಗೂ ಅಂಟಿಕೊಂಡಿದೆ.

ಲಂಡನ್ನಿನ ಕ್ರೋಯ್ಡನ್‌ನಲ್ಲಿರುವ ನಮ್ಮ ಆಫೀಸಿನಲ್ಲಿ ಟೀಮ್ ಲೀಡ್ ಜಾಗ ಖಾಲಿಯಾಗಿತ್ತು. ಇಂಗ್ಲಿಷ್ ಮ್ಯಾನೇಜರ್ ನಮ್ಮ ಧಾರವಾಡದ ಸಹೋದ್ಯೋಗಿಯ ಮೇಜಿನ ಬಳಿ ಬಂದು, "ನೀವು ವಹಿಸಿಕೊಳ್ಳುತ್ತೀರಾ?" ಎಂದ. ಆಕೆ ವರ್ಷಗಳಿಂದ ಕಾದಿದ್ದೇ ಅದಕ್ಕೆ. ಆದರೂ, "ಅಯ್ಯೋ, ನಾನ್ಯಾಕೆ, ನನಗಿಂತ ಬಲ್ಲವರಿದ್ದಾರೆ" ಎಂದರು. ಆತ ಥ್ಯಾಂಕ್ಸ್ ಹೇಳಿ ಹೊರಟೇಹೋದ.

ಕಿಚನ್‌ನಲ್ಲಿ ನನ್ನೆದುರು ಕಪ್ ಕುಕ್ಕಿದರು. "ಇನ್ನೊಮ್ಮೆ ಕೇಳ್ತಾನ ಅಂತ ಮಾಡಿದ್ದೆ ನೋಡ್ರೀ!"

"ಇಲ್ಲಿ ಬೇಡ ಅಂದ್ರೆ ಬೇಡ, ಅಷ್ಟೇ ಮೇಡಂ. ನೀವೇ ಹೋಗಿ ಬೇಕು ಅಂತ ಹೇಳಿ."

"ನಿಮ್ಮ ಬೆಂಗಳೂರ ಮಂದಿಗೆ ನಾಚಿಕಿ ಇಲ್ಲ ಬಿಡ್ರಿ. ಒಮ್ಮೆಲೇ ಹೂಂ ಅಂದ್ರ ಏನ್ ತಿಳ್ಕೊಂಡಾರು?"

ಟೆಹರಾನ್‌ನಲ್ಲಿ ಬೆಳೆದ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ಚಹಾ ಮಾಡಿಕೊಳ್ಳುತ್ತಿದ್ದರು. ಏನು ಗಲಾಟೆ ಎಂದರು. ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಬಿದ್ದು ಬಿದ್ದು ನಕ್ಕರು. "ಮೂರನೇ ಸಲ ಕೇಳದೆ ನಮ್ಮಮ್ಮ ಯಾರ ಮನೆಯಲ್ಲೂ ಲೋಟ ಮುಟ್ಟುವವಳಲ್ಲ" ಎಂದು, ಇನ್ನೆರಡು ಸಲ ಕೇಳಿ ಎನ್ನಲು ನೆಟ್ಟಗೆ ಮ್ಯಾನೇಜರ್ ಬಳಿ ಹೋದರು.

ಬೇಡ ಅಂದವರನ್ನು ಒತ್ತಾಯಿಸಿದರೆ ತನ್ನ ಮೇಲೆ ದೂರು ಬರುವುದಿಲ್ಲವೇ ಎಂದು ಆತ ಹೆದರಿದನಂತೆ. ಆದರೂ ಮಧ್ಯಾಹ್ನ ಕಿವಿ ಕೆಂಪು ಮಾಡಿಕೊಂಡು ಬಂದ, ಕೇಳಿದ. "ಛೆ, ಬೇರೆ ಯಾರಾದರೂ..." ಎಂದರು ಧಾರವಾಡದವರು. ಆತ ಆಗಲೇ ಹಿಂದಕ್ಕೆ ತಿರುಗಿದ್ದ. ಆಚೆ ಮೇಜಿನಿಂದ ಇರಾನಿನವರು ಕೆಮ್ಮಿದರು. ಆತ ವೈವಾ ಪರೀಕ್ಷೆಗೆ ನಿಂತ ವಿದ್ಯಾರ್ಥಿಯ ಹಾಗೆ ಮತ್ತೊಮ್ಮೆ ಕೇಳಿದ.

"ನೀವು ಇಷ್ಟು ಹೇಳುವಾಗ ಇಲ್ಲ ಅನ್ನುವುದು ಹೇಗೆ?" ಎಂದರು ಆಕೆ, ಬಹಳ ಕಷ್ಟಪಟ್ಟು ಒಪ್ಪಿಕೊಂಡವರಂತೆ. ಆಮೇಲೆ ಕಿಚನ್‌ಗೆ ಬಂದು ಊರಿಗೆ ಫೋನ್ ಮಾಡಿದರು. ಆ ಸಂಭ್ರಮ ಲಿಫ್ಟ್‌ವರೆಗೂ ಕೇಳಿಸುತ್ತಿತ್ತು.

ಆ ಕೆಮ್ಮು ನಿಜವೋ, ನಾನೇ ಸೇರಿಸಿದ್ದೋ ಗೊತ್ತಿಲ್ಲ. ಒಂದನ್ನು ಮಾತ್ರ ಆಮೇಲೆ ಮ್ಯಾನೇಜರ್‌ನನ್ನೇ ಕೇಳಿ ಖಚಿತ ಮಾಡಿಕೊಂಡೆ. ಆ ಕೆಲಸಕ್ಕೆ ಆತ ಎಲ್ಲರಿಗಿಂತ ಮೊದಲು ಕೇಳಿದ್ದು ಇರಾನಿನವರನ್ನು. ಅವರೂ ಬೇಡ ಎಂದಿದ್ದರು. ಅವರನ್ನು ಆತ ಎರಡನೇ ಸಲ ಕೇಳಿರಲಿಲ್ಲ.