ಮೂರನೆಯ ಮಗ್

ಸೋಪಕ್ಕನಿಗೆ ಆ ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ, ಆದರೆ ಇಟ್ಟವರ ಮೂಗು ಚುರುಕಾಗಿತ್ತು ಅನ್ನುವುದರಲ್ಲಿ ಅನುಮಾನವಿಲ್ಲ. ಅವಳು ಓಣಿಯ ತಿರುವಿನಲ್ಲಿರುವಾಗಲೇ ಸೋಪಿನ ವಾಸನೆ ಬಂದು ಮನೆ ಬಾಗಿಲು ತಟ್ಟುತ್ತಿತ್ತು. ಹಾಲಿನ ಡೇರಿಯ ತೊಳೆಯುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ತೇಯ್ದ ಜೀವ ಅದು. ಬೆರಳ ತುದಿಗಳು ಸದಾ ನೀರಲ್ಲಿ ನೆನೆದು ಸುಕ್ಕುಗಟ್ಟಿರುತ್ತಿದ್ದವು. ಮನೆಯಲ್ಲಿ ಗಂಡ ಚಪ್ಪಲಿ ಬಿಡಬೇಕಾದ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದಿಟ್ಟಿದ್ದಳು. ಪಾಪದ ಮನುಷ್ಯ, ಮೂವತ್ತು ವರ್ಷದಲ್ಲಿ ಒಂದು ದಿನವೂ ಆ ಗೆರೆ ದಾಟಿದವನಲ್ಲ.

ಡೇರಿ ಅಂಥ ದೊಡ್ಡದೇನಲ್ಲ. ನಲವತ್ತು ಜನ ಕೆಲಸಗಾರರು. ಹಾಲು, ಮೊಸರು, ಬೆಣ್ಣೆ. ಹಾಲು ಮುಟ್ಟಿದ ಪ್ರತಿಯೊಂದು ಪಾತ್ರೆ, ಪೈಪು, ತೊಟ್ಟಿಯನ್ನೂ ದಿನಕ್ಕೆರಡು ಸಲ ತೊಳೆಯಬೇಕು. ಮೊದಲು ಬರೀ ನೀರು, ಆಮೇಲೆ ಕಾಸ್ಟಿಕ್ ಸೋಡಾ ಕಲಸಿದ ಬಿಸಿನೀರು, ಮತ್ತೆ ಬರೀ ನೀರು, ಕೊನೆಗೆ ಕ್ಲೋರಿನ್ ಬೆರೆಸಿದ ನೀರು. ಒಂದು ಡ್ರಮ್ಮು ನೀರಿಗೆ ಎರಡು ಮಗ್ ಕ್ಲೋರಿನ್ ಎಂದು ಕ್ಯಾನಿನ ಮೇಲೇ ಬರೆದಿರುತ್ತದೆ. ಸೋಪಕ್ಕ ಮೂರು ಹಾಕುತ್ತಿದ್ದಳು. ಯಾಕೆ ಎಂದು ಕೇಳಿದರೆ, ಎರಡು ಕಂಪನಿಯವರದು, ಮೂರನೆಯದು ನನ್ನದು ಎನ್ನುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಸೊಸೆಯೂ ಅದೇ ವಿಭಾಗಕ್ಕೆ ಸೇರಿದಾಗ ಅತ್ತೆ ಕಲಿಸಿದ ಮೊದಲ ಪಾಠ ಆ ಮೂರನೆಯ ಮಗ್ಗೇ. ಸೊಸೆ ಅತ್ತೆಯ ಎಷ್ಟೋ ಮಾತುಗಳನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿರಬಹುದು, ಇದೊಂದನ್ನು ಬಿಡಲಿಲ್ಲ.

ಹೀಗೆ ಚೆನ್ನಾಗಿ ನಡೆಯುತ್ತಿದ್ದ ಬದುಕಿಗೆ ಒಂದು ನೋಟೀಸು ಬಂತು. ಡೇರಿಯ ಹಿಂದಿನ ಕಾಲುವೆಗೆ ಬೀಳುವ ನೀರು ನಾರುತ್ತದೆ, ನಲವತ್ತು ದಿನದಲ್ಲಿ ಸರಿಪಡಿಸದಿದ್ದರೆ ಗೇಟಿಗೆ ಬೀಗ ಎಂದು ಅಧಿಕಾರಿಗಳು ಬರೆದಿದ್ದರು. ದೂರು ಕೊಟ್ಟವಳು ಕಾಲುವೆಯ ಕೆಳಗಡೆ ಬಟ್ಟೆ ಒಗೆಯುವ ಅಂಗಡಿಯವಳು. ಅವಳ ತಪ್ಪೇನೂ ಇರಲಿಲ್ಲ. ಡೇರಿಯ ಹಿತ್ತಲಿನಲ್ಲಿ ತೊಳೆದ ನೀರನ್ನು ಶುದ್ಧ ಮಾಡುವ ತೊಟ್ಟಿಯೊಂದಿತ್ತು. ಅದನ್ನು ಹನ್ನೊಂದು ವರ್ಷ ನೋಡಿಕೊಂಡ ತೊಟ್ಟಿಯಣ್ಣ ನಿವೃತ್ತನಾದ ಮೇಲೆ ಅದಕ್ಕೆ ಹೇಳುವವರು ಕೇಳುವವರು ಇರಲಿಲ್ಲ.

ಯಜಮಾನರು ತಲೆ ಕೆರೆದುಕೊಂಡು ಯೋಚಿಸಿದರು. ಶುಚಿಗೆ ಇನ್ನೊಂದು ಹೆಸರೇ ಸೋಪಕ್ಕ ಅಲ್ಲವೇ? ಕರೆಸಿ, ಇವತ್ತಿನಿಂದ ಹಿಂದಿನ ತೊಟ್ಟಿ ನಿಮ್ಮದು ಎಂದರು. ಸೋಪಕ್ಕನಿಗೆ ಒಳಗೊಳಗೇ ಉರಿಯಿತು. ಹೊಳೆಯುವ ಸ್ಟೀಲಿನ ನಡುವೆ ಇದ್ದವಳನ್ನು ಕೊಳಚೆಗೆ ತಳ್ಳಿದರಲ್ಲ ಎಂದು ಹಲ್ಲು ಕಚ್ಚಿದಳು. ಆದರೆ ಸೋತವಳ ಹಾಗೆ ಹೋಗುವ ಜಾಯಮಾನ ಅವಳದಲ್ಲ. ನಲವತ್ತು ದಿನ ಯಾಕೆ ಬೇಕು, ನಾಲ್ಕು ದಿನ ಸಾಕು ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ನಡೆದಳು.

ಅಲ್ಲಿ ಕಂಡದ್ದಾದರೂ ಏನು? ಮೂವತ್ತು ಸಾವಿರ ಲೀಟರಿನ ತೊಟ್ಟಿ ತುಂಬ ಕಂದು ಬಣ್ಣದ ಮಡ್ಡಿ. ತಳದಿಂದ ಮೋಟಾರು ಗಾಳಿ ಊದುತ್ತಿತ್ತು, ಮಡ್ಡಿ ಕೊತಕೊತ ಕುದಿಯುವಂತೆ ಉಕ್ಕುತ್ತಿತ್ತು. ಸೋಪಕ್ಕ ಮೂಗು ಮುಚ್ಚಿಕೊಂಡಳು. ಎರಡು ಮೂಟೆ ಬ್ಲೀಚಿಂಗ್ ಪುಡಿ ತರಿಸಿ ಸುರಿಸಿದಳು. ಸಂಜೆಯ ಹೊತ್ತಿಗೆ ವಾಸನೆ ಮಂಗಮಾಯ. ಯಜಮಾನರು ಬಂದು ಉಸಿರೆಳೆದು ನೋಡಿ, ಇದಪ್ಪಾ ಕೆಲಸ ಅಂದರೆ ಎಂದರು. ಸೋಪಕ್ಕ ಆ ದಿನ ಮನೆಗೆ ಎರಡಡಿ ಎತ್ತರವಾಗಿ ಹೋದಳು.

ಮೂರನೆಯ ದಿನ ಅದೇ ತೊಟ್ಟಿ ಕೊಳೆತ ಮೊಟ್ಟೆಯಂತೆ ನಾರತೊಡಗಿತು. ನೀರು ಒಳಗೆ ಹೇಗೆ ಬಂತೋ ಹಾಗೇ, ಹಾಲು ಹಾಲಾಗಿ, ಕಾಲುವೆಗೆ ಹರಿಯಿತು. ಬಟ್ಟೆ ಒಗೆಯುವ ಅಂಗಡಿಯವಳು ಬೂದುಬಣ್ಣಕ್ಕೆ ತಿರುಗಿದ ಬಿಳಿ ಅಂಗಿಯೊಂದನ್ನು ತಂದು ಗೇಟಿನ ಕಂಬಿಗೆ ತೂಗುಹಾಕಿ ಹೋದಳು. ಬೈದಿದ್ದರೆ ವಾಸಿಯಿತ್ತು.

ಸೋಪಕ್ಕ ನೇರ ತೊಟ್ಟಿಯಣ್ಣನ ಮನೆಗೆ ಹೋದಳು. ಅವನು ಜಗಲಿಯಲ್ಲಿ ಕುರ್ಚಿಯ ಮುರಿದ ಕಾಲಿಗೆ ಮೊಳೆ ಹೊಡೆಯುತ್ತಿದ್ದ. ಅವಳ ಕಥೆ ಕೇಳಿದವನೇ ಸುತ್ತಿಗೆ ಕೆಳಗಿಟ್ಟ.

“ಎಷ್ಟು ಹಾಕಿದೆ?”

“ಎರಡು ಮೂಟೆ.”

“ಹನ್ನೊಂದು ವರ್ಷ ಸಾಕಿದ್ದೆ ಕಣಮ್ಮ,” ಎಂದ ತೊಟ್ಟಿಯಣ್ಣ.

ಆಮೇಲೆ ಅವನು ಹೇಳಿದ್ದನ್ನು ಕೇಳುತ್ತ ಸೋಪಕ್ಕ ಕೂತಲ್ಲೇ ಕುಗ್ಗಿದಳು. ಆ ಕಂದು ಮಡ್ಡಿ ಕೊಳೆಯಲ್ಲ, ಕೋಟಿಗಟ್ಟಲೆ ಸಣ್ಣ ಜೀವಗಳು. ತೊಳೆದ ನೀರಲ್ಲಿ ಉಳಿದ ಹಾಲನ್ನು ಅವೇ ತಿಂದು ಮುಗಿಸುತ್ತವೆ; ಅವು ತಿಂದು ಬಿಟ್ಟ ನೀರು ತಿಳಿಯಾಗಿ ಕಾಲುವೆಗೆ ಹೋಗುತ್ತದೆ. ಮೋಟಾರು ಊದುವುದು ಅವುಗಳ ಉಸಿರಿಗೆ. ಅವನು ಹೋದ ಮೇಲೆ ಹೊತ್ತಿಗೆ ಸರಿಯಾಗಿ ಊಟ, ಗಾಳಿ ಇಲ್ಲದೆ ಅವು ಸೊರಗಿದ್ದವು, ಅಷ್ಟೆ. ಇವಳು ಪೂರ್ತಿಯಾಗಿ ಮುಗಿಸಿದ್ದಳು. ಕ್ರಿಮಿ ಕಂಡರೆ ಕೊಲ್ಲುವುದನ್ನೇ ಇಪ್ಪತ್ತೆರಡು ವರ್ಷ ಕಲಿತ ಕೈ, ಸಾಕಬೇಕಾದ ಕಡೆಯೂ ಅದನ್ನೇ ಮಾಡಿತ್ತು.

ಮನೆಯಲ್ಲಿ ದಿನಾ ಮೊಸರಿಗೆ ಹೆಪ್ಪು ಹಾಕುವಾಗ ತಾನು ಮಾಡುವುದೂ ಇದೇ ಅಲ್ಲವೇ ಎಂದು ಅವಳಿಗೆ ತಟ್ಟನೆ ಹೊಳೆಯಿತು. ಒಂದು ದಿನ ಪೂರ್ತಿ ಮೊಸರು ಮುಗಿಸಿಬಿಟ್ಟರೆ ಪಕ್ಕದ ಮನೆಗೆ ಹೋಗಿ ಚಮಚ ಹೆಪ್ಪು ಕೇಳುವುದಿಲ್ಲವೇ?

“ಹಾಗಾದ್ರೆ ಹೆಪ್ಪು ಬೇಕು ಅನ್ನಿ,” ಎಂದಳು.

ತೊಟ್ಟಿಯಣ್ಣ ಅವಳ ಮುಖ ನೋಡಿದ. ಹನ್ನೊಂದು ವರ್ಷದಲ್ಲಿ ಇದನ್ನು ಇಷ್ಟು ಬೇಗ ಯಾರೂ ಅರ್ಥ ಮಾಡಿಕೊಂಡಿರಲಿಲ್ಲವಂತೆ. ಬಿಸ್ಕತ್ತು ಕಾರ್ಖಾನೆಯ ತೊಟ್ಟಿಯಲ್ಲಿ ಒಳ್ಳೆಯ ಮಡ್ಡಿ ಇದೆ, ನಾನು ಮಾತಾಡುತ್ತೇನೆ ಎಂದ.

ಡೇರಿಗೆ ವಾಪಸು ಬಂದರೆ ಅಲ್ಲಿ ಯಜಮಾನರು ಮೆಕ್ಯಾನಿಕ್ಕನನ್ನು ನಿಲ್ಲಿಸಿಕೊಂಡು ಬೆಂಡೆತ್ತುತ್ತಿದ್ದರು; ಮೋಟಾರು ಕೆಟ್ಟದ್ದಕ್ಕೇ ತೊಟ್ಟಿ ನಾರುತ್ತಿದೆ ಎಂದು ಅವರ ವಾದ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೋಪಕ್ಕ ನಡುವೆ ಹೋಗಿ ನಿಂತಳು.

“ಮೋಟಾರು ಸರಿಯಾಗೇ ಇದೆ. ಕೆಡಿಸಿದ್ದು ನಾನು. ಸರಿ ಮಾಡೋದೂ ನಾನೇ. ಆಗದಿದ್ರೆ ಬೀಗ ಹಾಕೋ ದಿನ ಮೊದಲು ನನ್ನನ್ನ ಆಚೆ ಕಳಿಸಿ.”

ಮೆಕ್ಯಾನಿಕ್ಕ ಅವಳನ್ನು ದೇವರನ್ನು ನೋಡುವ ಹಾಗೆ ನೋಡಿದ. ಅವತ್ತಿನಿಂದ ಅವನು ಅವಳ ಯಾವ ಮಾತಿಗೂ ಇಲ್ಲ ಎಂದದ್ದಿಲ್ಲ.

ಬಿಸ್ಕತ್ತು ಕಾರ್ಖಾನೆಯಿಂದ ಒಂದು ಟ್ಯಾಂಕರ್ ಮಡ್ಡಿ ಬಂತು. ಡೇರಿಯ ನೀರನ್ನು ಹಳೆಯ ಖಾಲಿ ತೊಟ್ಟಿಯೊಂದರಲ್ಲಿ ಕೂಡಿಟ್ಟು, ಬಾಣಂತಿಗೆ ಊಟ ಕೊಟ್ಟ ಹಾಗೆ ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು ಎಂದು ಬಿಡುತ್ತ ಬಂದಳು. ದಿನಾ ಬೆಳಿಗ್ಗೆ ಗಾಜಿನ ಜಾಡಿಯಲ್ಲಿ ತೊಟ್ಟಿಯ ನೀರು ತುಂಬಿ ಮೋಟಾರು ಷೆಡ್ಡಿನ ಕಿಟಕಿಯಲ್ಲಿಟ್ಟು ಅರ್ಧ ಗಂಟೆ ಕಾಯುವುದು. ಮಡ್ಡಿ ಕೆಳಗೆ ಕೂತು ಮೇಲೆ ತಿಳಿ ನಿಂತರೆ ಜೀವಗಳು ಚೆನ್ನಾಗಿವೆ ಎಂದರ್ಥ. ಮೊದಮೊದಲು ಜಾಡಿ ತುಂಬ ಮಜ್ಜಿಗೆಯಂತೆ ಕದಡಿಕೊಂಡೇ ಇರುತ್ತಿತ್ತು. ಹನ್ನೆರಡನೆಯ ದಿನ ಮೇಲಿನ ಅರ್ಧ ತಿಳಿಯಾಯಿತು. ಸೋಪಕ್ಕ ತೊಟ್ಟಿಯ ಕಟ್ಟೆಗೆ ಬಾಗಿ ಮೂಸಿದಳು. ಹಸಿ ಮಣ್ಣಿನ ವಾಸನೆ. ಅವಳಿಗೆ ಅಳು ಬಂತು, ಅತ್ತಳು. ಮೆಕ್ಯಾನಿಕ್ಕ ಬೇರೆ ಕಡೆ ನೋಡುತ್ತ ನಿಂತ.

ಅವತ್ತೇ ಅವಳು ನಾಲ್ಕು ಡ್ರಮ್ಮು ಮಡ್ಡಿ ತೆಗೆದು ಷೆಡ್ಡಿನ ಹಿಂದೆ ಇಟ್ಟು, ಅದಕ್ಕೂ ಸಣ್ಣ ಪೈಪಿನಲ್ಲಿ ಗಾಳಿ ಬಿಡಿಸಿದಳು. ಹೆಪ್ಪು ಪೂರ್ತಿ ಖಾಲಿ ಮಾಡುವ ಹೆಂಗಸು ಯಾವ ಮನೆಯಲ್ಲಿದ್ದಾಳೆ? ದಿನಾ ಅದಕ್ಕೊಂದಿಷ್ಟು ಹಾಲಿನ ತೊಳೆನೀರು ಹಾಕುತ್ತಿದ್ದಳು. ಸೋಪಕ್ಕ ಕೊಳೆಗೆ ಹಾಲುಣಿಸುತ್ತಾಳೆ ಎಂದು ಡೇರಿಯವರೆಲ್ಲ ಬಿದ್ದು ಬಿದ್ದು ನಕ್ಕರು. ನಗಲಿ, ನಕ್ಕರೆ ಅವಳ ಗಂಟೇನು ಹೋಗುತ್ತದೆ.

ತೊಟ್ಟಿಯ ಜೊತೆ ಮಾತಿಗಿಳಿದವಳಿಗೆ ತೊಳೆಯುವ ವಿಭಾಗ ಬೇರೆಯೇ ಕಾಣತೊಡಗಿತು. ತಾನು ಆಳಿದ ಜಾಗದಿಂದಲೇ ಇಲ್ಲಿಗೆ ವಿಷ ಬರುತ್ತಿದೆ. ಸೊಸೆಯ ಬಳಿ ಹೋಗಿ ಕೂತು ಹೇಳಿದಳು: ಪಾತ್ರೆಗೆ ಹಾಕಿದ ಮೊದಲ ನೀರು ಅರ್ಧ ಹಾಲೇ, ಅದನ್ನು ಬೇರೆ ಹಿಡಿದು ದನ ಸಾಕುವವರಿಗೆ ಕೊಡೋಣ, ಕೊನೆಯಲ್ಲಿ ಜಾಲಿಸಿದ ನೀರು ತಿಳಿಯಾಗಿಯೇ ಇರುತ್ತದೆ, ಅದನ್ನು ಕೂಡಿಟ್ಟು ಮರುದಿನದ ಮೊದಲ ತೊಳೆತಕ್ಕೆ ಬಳಸೋಣ. ಸೊಸೆ ಎರಡಕ್ಕೂ ಒಪ್ಪಿದಳು. ವಾರದಲ್ಲಿ ಬೋರ್‌ವೆಲ್ ನೀರು ಕಾಲು ಭಾಗ ಉಳಿಯಿತು. ಮೂರನೆಯ ಮಗ್ಗಿನ ಮಾತು ಬಂದಾಗ ಮಾತ್ರ ಅವಳ ಮುಖ ಗಂಟಾಯಿತು.

“ಅತ್ತೆ, ನೀವೇ ಕಲಿಸಿದ್ದು. ಈಗ ನೀವೇ ಬೇಡ ಅಂದ್ರೆ ಹೇಗೆ?”

ಕಲಿಸಿದ್ದು ತಪ್ಪು, ಪಾತ್ರೆ ಶುದ್ಧವಾಗಲು ಎರಡೇ ಸಾಕು ಎಂದು ಸೋಪಕ್ಕ ಹೇಳಿದಳು. ಸೊಸೆ ತಲೆಯಾಡಿಸಿದಳು. ತಲೆ ಒಪ್ಪಿತು, ಆದರೆ ಕೈ ಒಪ್ಪಬೇಕಲ್ಲ.

ಅಧಿಕಾರಿಗಳು ಬರಲು ಹನ್ನೆರಡು ದಿನ ಇದೆ ಎನ್ನುವಾಗ ಯಜಮಾನರು, ಬರುವವರ ಕಣ್ಣಿಗೆ ಡೇರಿ ಫಳಫಳ ಹೊಳೆಯಬೇಕು ಎಂದು ಅಪ್ಪಣೆ ಕೊಡಿಸಿದರು. ಸೊಸೆ ಅತ್ತೆಯ ಹೆಸರು ಉಳಿಸಲೇಬೇಕೆಂದು ಹೊರಟಳು. ನೆಲ, ಗೋಡೆ, ಚರಂಡಿ, ಒಂದನ್ನೂ ಬಿಡದೆ ಇಡೀ ದಿನ ತೊಳೆದಳು, ಪ್ರತಿ ಡ್ರಮ್ಮಿಗೂ ಮೂರು ಮಗ್. ಮರುದಿನ ಬೆಳಿಗ್ಗೆ ಜಾಡಿ ಕಿಟಕಿಯಲ್ಲಿ ಒಂದು ಗಂಟೆ ನಿಂತರೂ ಮಡ್ಡಿ ಕೂರಲಿಲ್ಲ. ಮಜ್ಜಿಗೆಯ ಹಾಗೆ ಕದಡಿತ್ತು. ಜೀವಗಳು ಮತ್ತೆ ಸತ್ತಿದ್ದವು. ಬಿಸ್ಕತ್ತು ಕಾರ್ಖಾನೆಗೆ ಫೋನು ಮಾಡಿಸಿದರೆ, ಯಂತ್ರಗಳ ರಿಪೇರಿಗೆಂದು ತಿಂಗಳು ಬಾಗಿಲು ಹಾಕಿದ್ದಾರೆ, ತೊಟ್ಟಿಯನ್ನೂ ಬರಿದು ಮಾಡಿದ್ದಾರೆ ಎಂದು ಉತ್ತರ ಬಂತು.

ಸೊಸೆ ಒದ್ದೆ ಕೈ ಒರೆಸಿಕೊಳ್ಳದೆ ಹಿತ್ತಲಿಗೆ ಬಂದು ನಿಂತಳು.

“ಅತ್ತೆ, ನಾನೇ ಹಾಕಿದ್ದು.”

“ಗೊತ್ತು,” ಎಂದಳು ಸೋಪಕ್ಕ. “ಆ ಮಗ್ ನಿಂದಲ್ಲ ಕಣೇ, ನಂದು. ಬಾ, ಡ್ರಮ್ ಹಿಡಿ.”

ಷೆಡ್ಡಿನ ಹಿಂದಿನ ನಾಲ್ಕು ಡ್ರಮ್ಮುಗಳನ್ನು ಅತ್ತೆ ಸೊಸೆ ಸೇರಿ ಉರುಳಿಸಿ ತಂದರು. ನಕ್ಕವರೆಲ್ಲ ಬಂದು ಕೈಜೋಡಿಸಿದರು. ತೊಟ್ಟಿಯ ಕೆಟ್ಟ ನೀರನ್ನು ಹಳೆಯ ತೊಟ್ಟಿಗೆ ಹೊರಳಿಸಿ, ಹೆಪ್ಪು ಸುರಿದು, ಸೋಪಕ್ಕ ಮತ್ತೆ ಮೊದಲಿನಿಂದ ಶುರು ಮಾಡಿದಳು. ಈ ಸಲ ಭಯವಿರಲಿಲ್ಲ. ದಾರಿ ಗೊತ್ತಿತ್ತು, ದಿನಗಳು ಮಾತ್ರ ಕಡಿಮೆ.

ಒಂದು ಯೋಚನೆ ಅವಳನ್ನು ಬಿಡಲಿಲ್ಲ. ಸೊಸೆಗೆ ಇನ್ನು ಸಾವಿರ ಸಲ ಹೇಳಬಹುದು, ಅವಳು ಸಾವಿರ ಸಲ ತಲೆಯಾಡಿಸಬಹುದು. ದೊಡ್ಡ ದಿನ ಬಂತು ಅಂದರೆ ಕೈ ಮತ್ತೆ ಮೂರನೆಯದಕ್ಕೆ ಹೋಗುತ್ತದೆ. ತನ್ನ ಕೈಯೇ ಹೋಗುತ್ತದೆ, ಇನ್ನು ಅವಳದೇನು? ಸೋಪಕ್ಕ ಆ ಹಳೆಯ ಸ್ಟೀಲ್ ಮಗ್ ತಂದು ಎರಡು ಸಲ ನೀರು ತುಂಬಿ ಒಂದು ಬಕೆಟ್ಟಿಗೆ ಹಾಕಿದಳು. ಆ ನೀರನ್ನು ಮೂರು ಲೋಟಗಳಿಗೆ ಸಮನಾಗಿ ಹಂಚಿದಳು. ಒಂದು ಲೋಟದ ನೀರನ್ನು ಮತ್ತೆ ಮಗ್ಗಿಗೆ ಸುರಿದು, ಅದು ನಿಂತ ಮಟ್ಟಕ್ಕೆ ಮೊಳೆಯಿಂದ ಗೆರೆ ಗೀಚಿ ಮೆಕ್ಯಾನಿಕ್ಕನಿಗೆ ಕೊಟ್ಟಳು. ಇದಕ್ಕಿಂತ ಮೇಲಿರೋದೆಲ್ಲ ಕೊಯ್ದುಬಿಡು, ಅಂಚು ಕೈ ಕುಯ್ಯದ ಹಾಗೆ ಉಜ್ಜು ಎಂದಳು. ಅವನು ಯಾಕೆ ಎಂದು ಕೇಳಲಿಲ್ಲ.

ಅಧಿಕಾರಿಗಳು ಬಂದ ದಿನ ಸೊಸೆ ಮೊಸರಿನ ತೊಟ್ಟಿ ತೊಳೆದು ಮುಗಿಸುತ್ತಿದ್ದಳು. ಬಾಗಿಲಲ್ಲಿ ಯಜಮಾನರು, ಕೈಯಲ್ಲಿ ಬಾಟಲಿ ಹಿಡಿದ ಅಧಿಕಾರಿ, ಅವರ ಹಿಂದೆ ಸೋಪಕ್ಕ. ಸೊಸೆ ಡ್ರಮ್ಮಿಗೆ ಒಂದು ಮಗ್ ಹಾಕಿದಳು, ಎರಡು ಹಾಕಿದಳು. ಮೂರನೆಯದಕ್ಕೆ ಕೈ ತಾನಾಗಿ ಕ್ಯಾನಿನ ಕಡೆ ಹೋಗಿ ನಡುವೆ ನಿಂತಿತು. ಬೆವರೊಡೆದ ಮುಖದಲ್ಲಿ ಅತ್ತೆಯನ್ನು ನೋಡಿದಳು.

“ಹಾಕು,” ಎಂದಳು ಸೋಪಕ್ಕ.

ಯಜಮಾನರು ಬೆಚ್ಚಿಬಿದ್ದರು. ಅಧಿಕಾರಿ ಕ್ಯಾನಿನ ಮೇಲಿನ ಬರಹ ಓದಿ, ಇಲ್ಲಿ ಎರಡು ಅಂತ ಇದೆಯಲ್ಲ ಎಂದರು. ಸೋಪಕ್ಕ ಮಗ್ ಇಸಿದುಕೊಂಡು, ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿ ಅವರ ಕೈಗಿಟ್ಟಳು. ಇದರಲ್ಲಿ ಮೂರು ಹಾಕಿದರೆ ಕಂಪನಿಯವರ ಎರಡಕ್ಕೆ ಸರಿ, ಒಂದು ಹನಿ ಹೆಚ್ಚಿಲ್ಲ ಕಡಿಮೆಯಿಲ್ಲ ಎಂದಳು. ಸೊಸೆ ಬಗ್ಗಿ ಮಗ್ ನೋಡಿದಳು. ಹತ್ತು ದಿನದಿಂದ ಅದನ್ನೇ ಹಿಡಿದವಳು, ಹಳೆಯ ಮಗ್ ಹಾಳಾಗಿ ಬೇರೆ ಕೊಟ್ಟಿದ್ದಾರೆ ಅಂದುಕೊಂಡಿದ್ದಳು. ದಿನವೂ ಕದ್ದು ಮೂರನೆಯದನ್ನು ಹಾಕಿ, ದಿನವೂ ಒಳಗೊಳಗೇ ಕೊರಗಿದ್ದಳು.

“ಅಂದ್ರೆ ನಾನು ಹಾಕ್ತೀನಿ ಅಂತ ನಿಮಗೆ ಗೊತ್ತಿತ್ತಾ?”

“ನಿನಗೆ ಕಲಿಸಿದವಳು ನಾನಲ್ವಾ.”

ಹಿತ್ತಲಲ್ಲಿ ಕಿಟಕಿಯ ಮೇಲಿನ ಜಾಡಿ ಮುಕ್ಕಾಲು ಪಾಲು ತಿಳಿಯಾಗಿತ್ತು. ಅಧಿಕಾರಿ ಬಾಟಲಿ ತುಂಬಿಕೊಂಡು ಹೋದರು. ಹತ್ತನೆಯ ದಿನ ಕಾಗದ ಬಂತು: ನೀರು ಸರಿಯಿದೆ, ಡೇರಿ ನಡೆಸಬಹುದು. ಸೋಪಕ್ಕ ಆ ಕಾಗದವನ್ನು ನೋಡಲೂ ಇಲ್ಲ. ಅವಳು ಗೇಟಿನ ಕಂಬಿಯಿಂದ ಇಳಿಸಿಟ್ಟಿದ್ದ ಅಂಗಿಯನ್ನು ಎರಡು ಸಲ ಒಗೆದು, ಇಸ್ತ್ರಿ ಮಾಡಿ, ಮಡಿಸಿ, ಕಾಲುವೆಯ ಕೆಳಗಿನ ಅಂಗಡಿಗೆ ಕೊಡಲು ಹೊರಟಿದ್ದಳು.

ತೊಳೆಯುವ ವಿಭಾಗದಲ್ಲಿ ಸೊಸೆ ಇವತ್ತಿಗೂ ಮೂರು ಮಗ್ ಹಾಕುತ್ತಾಳೆ. ಹೊಸದಾಗಿ ಸೇರಿದವರು ಯಾಕೆ ಎಂದು ಕೇಳಿದರೆ, ಎರಡು ಕಂಪನಿಯವರದು, ಮೂರನೆಯದು ನಮ್ಮತ್ತೆಯದು ಎನ್ನುತ್ತಾಳೆ.