ನೋವು ಅವರದು, ಉತ್ತರ ನನ್ನದು

"ಯಾವಾಗಿಂದ ಕಣ್ಣು ಮಂಜು ಅಜ್ಜಾ?" ಅಂತ ಡಾಕ್ಟರು ಕೇಳಿದರು. ನಮ್ಮ ಯಜಮಾನರು ನನ್ನ ಮುಖ ನೋಡಿದರು.

"ಒಂದು ವಾರ ಆತು ಸಾರ್" ಅಂದೆ ನಾನು.

"ಬಲಗಣ್ಣೋ, ಎಡಗಣ್ಣೋ?"

ಮತ್ತೆ ನನ್ನ ಮುಖ. "ಎರಡೂ ಸ್ವಲ್ಪ ಸ್ವಲ್ಪ ಸಾರ್. ವಯಸ್ಸಾತಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಮೀಸೆ ಈಗಷ್ಟೇ ದಪ್ಪಗಾದ ವಯಸ್ಸು. "ಅಮ್ಮಾ, ಕಣ್ಣು ನಿಮ್ಮದಾ, ಅವರದಾ?"

ಹಿಂದೆ ಸಾಲಿನಲ್ಲಿ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ? ನನ್ನನ್ನು ಬಾಗಿಲ ಹತ್ತಿರದ ಬೆಂಚಿಗೆ ಅಟ್ಟಿದರು. ಬಾಯಿ ತೆಗೆಯಬಾರದು ಅಂತ ಆರ್ಡರು. ಡಾಕ್ಟರು ಅದೇ ಪ್ರಶ್ನೆ ಮತ್ತೆ ಕೇಳಿ ಪೆನ್ನು ಎತ್ತಿಕೊಂಡರು. ಇವರ ದನಿ ಕೇಳಿಸಿತು.

"ಬಲಗಣ್ಣು ಸಾರ್. ಹೋದ ದೀಪಾವಳಿಯಿಂದ."

ದೀಪಾವಳಿ! ನಾವು ಶಿಕಾರಿಪುರದ ಆ ಆಸ್ಪತ್ರೆಯಲ್ಲಿ ಕೂತಿದ್ದು ಆಷಾಢದಲ್ಲಿ. ಎಂಟು ತಿಂಗಳು. ಒಂದೇ ಮನೆ, ಒಂದೇ ಒಲೆ, ಎದುರುಬದುರು ಊಟ. ನನಗೆ ಗೊತ್ತಾಗಿದ್ದು ಹೋದ ವಾರ, ಅರ್ಧ ತೆರೆದ ಬಾಗಿಲಿಗೆ ಅವರು ಹಣೆ ಗುದ್ದಿಕೊಂಡು ಬುಗುಟೆ ಬಂದಾಗ. (ಆಗಲೂ ನಾನು ಅಂದದ್ದು, "ಇಷ್ಟು ದೊಡ್ಡ ಬಾಗ್ಲೂ ಕಾಣಂಗಿಲ್ಲೇನ್ರಿ?" ಅಂತ. ಪಾಪ, ಕಾಣುತ್ತಿರಲಿಲ್ಲ.)

ಡಾಕ್ಟರು ಪರೀಕ್ಷೆ ಮಾಡಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಹಾಳಾಗಿದೆ. ಬಲಗಣ್ಣಿನ ಬೆಳಕು ಹೋದದ್ದು ಹೋಯಿತು, ಅದನ್ನು ತಿರುಗಿ ತರುವ ಔಷಧಿ ಇಲ್ಲ. ಎಡಗಣ್ಣಿಗೂ ಅದೇ ಶುರುವಾಗಬಹುದು. ದಿನಾ ಡ್ರಾಪ್ಸ್ ಹಾಕಬೇಕು. ಮಂಜಾದರೆ, ನೋವು ಬಂದರೆ, ದೀಪದ ಸುತ್ತ ಬಣ್ಣ ಬಣ್ಣದ ಬಳೆ ಕಂಡರೆ ಅವತ್ತೇ ಬರಬೇಕು.

"ಅವತ್ತೇ ಮನೇಲಿ ಹೇಳಬೇಕು ಅಜ್ಜಾ. ನಾಳೆ ನಾಡಿದ್ದು ಅನ್ನೋ ಹಾಗಿಲ್ಲ. ಮೊದಲೇ ಬಂದಿದ್ರೆ ಈ ಕಣ್ಣೂ ಉಳೀತಿತ್ತು" ಅಂದರು.

ಬಣ್ಣದ ಬಳೆ ಅಂದಾಗ ನನಗೆ ನೆನಪಾಯಿತು. ಅವರು ಹೇಳದೆ ಇರಲಿಲ್ಲ. ಹೇಳಿದ್ದರು.

ದೀಪಾವಳಿಯ ಸಂಜೆ ಜಗಲಿಯ ಮೇಲೆ ಹಣತೆ ಇಡುತ್ತಾ ಅಂದಿದ್ದರು, "ಏನೇ, ದೀಪದ ಸುತ್ತ ಕಾಮನಬಿಲ್ಲಿನಂಗೆ ಬಳೆ ಬಳೆ ಕಾಣ್ತಾವಲ್ಲೇ." ನಾನು ಒಳಗಿಂದಲೇ ಕೂಗಿದ್ದೆ, "ಎಣ್ಣೆ ಹೊಗೆ ಹತ್ತೈತಿ. ಕಣ್ಣು ಒರೆಸ್ಕಂಡು ಬತ್ತಿ ಹಾಕ್ರಿ. ಅದನ್ನೂ ನಾನೇ ಹೇಳ್ಬೇಕೇನು?"

ಅಷ್ಟೇ. ಎರಡನೇ ಸಲ ಅವರು ಹೇಳಲಿಲ್ಲ.

ಎರಡು ವಾರದ ಹಿಂದೆ ಇದೇ ಅಂಕಣದಲ್ಲಿ ಒಬ್ಬ ಹೆಣ್ಣುಮಗಳಿಗೆ ಉತ್ತರ ಬರೆದಿದ್ದೆ, ನಿಮಗೆ ನೆನಪಿರಬಹುದು. ಗಂಡ ನಾಲ್ಕು ಜನರ ಎದುರು "ನಿಂಗೇನು ಗೊತ್ತು" ಅಂತಾನೆ, ಏನು ಮಾಡಲಿ ಅಂತ ಕೇಳಿದ್ದಳು. ನಾನು ಸೆರಗು ಸಿಕ್ಕಿಸಿಕೊಂಡು ಬರೆದೆ. ಒಂದು ಸಲ ಸುಮ್ಮನಿದ್ದರೆ ಜೀವಮಾನ ಸುಮ್ಮನಿರಬೇಕಾಗುತ್ತದೆ ತಾಯಿ, ತಿರುಗಿಸಿ ಹೇಳು ಅಂತ. ಬಹಳ ಜನ ಮೆಚ್ಚಿದರು. ನನಗೂ ಜಂಬ ಬಂತು.

ನಮ್ಮ ಮನೆಯಲ್ಲಿ ಆ ಮಾತು ಅನ್ನುವವಳು ನಾನೇ ಅಂತ ಬರೆಯುವಾಗ ಹೊಳೆಯಲೇ ಇಲ್ಲ. ಅಂಥ ಮಾತು ಗಂಡಸರ ಬಾಯಲ್ಲಿ ಮಾತ್ರ ಇರುತ್ತದೆ ಅಂದುಕೊಂಡಿದ್ದೆ. ಹೆಂಗಸು ಆ ಮಾತು ಆಡಿದರೆ ಅದು ಚುರುಕು, ಸಂಸಾರ ತೂಗಿಸುವ ಜಾಣತನ. ಅಲ್ಲವೇ?

ಓದಿನ ವಿಷಯ ಹೇಳಿಬಿಡುತ್ತೇನೆ. ಅವರು ಹತ್ತನೇ ಕ್ಲಾಸು. ನಾನು ಮೂರನೆಯದನ್ನು ಅರ್ಧಕ್ಕೆ ಬಿಟ್ಟವಳು, ಬರೆಯುವುದನ್ನು ಆಮೇಲೆ ನಾನೇ ರೂಢಿಸಿಕೊಂಡೆ. ಆದರೂ ದಡ್ಡರು ಅವರೇ. ಅದು ತೀರ್ಮಾನವಾಗಿದ್ದು ನಾನು ಮದುವೆಯಾಗಿ ಬಂದ ತಿಂಗಳಲ್ಲಿ. ಅತ್ತೆ ಕರೆದು ಹೇಳಿದ್ದರು, "ನೋಡವ್ವಾ, ನನ್ನ ಮಗ ಮೆತ್ತಗ. ಲೋಕ ತಿಳಿಯಂಗಿಲ್ಲ. ನೀನೇ ನೋಡ್ಕಂಡು ಹೋಗು." ನಮ್ಮ ಕಡೆ ಎಷ್ಟೋ ಅತ್ತೆಯರು ಸೊಸೆಗೆ ಬೀಗದ ಕೈಯ ಜೊತೆ ಈ ಮಾತನ್ನೂ ಕೊಡುತ್ತಾರೆ. ಅತ್ತೆಯ ಬೇರೆ ಯಾವ ಮಾತನ್ನೂ ನಾನು ಕೇಳಿದವಳಲ್ಲ. ಇದೊಂದನ್ನು ಐವತ್ತೆರಡು ವರ್ಷ ಪಾಲಿಸಿದೆ.

ಬೈಗುಳವಲ್ಲ, ಜಗಳವೂ ಅಲ್ಲ. ಸಣ್ಣ ಸಣ್ಣ ತಿದ್ದುಪಡಿ. ಅವರು ಕಟ್ಟಿದ ದನದ ಹಗ್ಗ ಬಿಚ್ಚಿ ಮತ್ತೆ ಕಟ್ಟುವುದು. ಅವರು ತಂದ ತರಕಾರಿಯನ್ನು ನೆಂಟರ ಎದುರು ಎತ್ತಿ ತೋರಿಸಿ ನಿಟ್ಟುಸಿರು ಬಿಡುವುದು. ಅವರಿಗೆ ಕೇಳಿದ ಪ್ರಶ್ನೆಗೆ ನಾನು ಉತ್ತರ ಹೇಳುವುದು.

ಬಣವೆಯ ಕಥೆ ಹೇಳಲೇಬೇಕು. ಮದುವೆಯಾಗಿ ಮೂರನೆಯದೋ ನಾಲ್ಕನೆಯದೋ ವರ್ಷ. ಸುಗ್ಗಿ ಮುಗಿದಿತ್ತು. ಹಿತ್ತಲಲ್ಲಿ ಹುಲ್ಲಿನ ಬಣವೆಯನ್ನು ಅವರೇ ಕಟ್ಟಿದರು. ಅದು ಸುಲಭದ ಕೆಲಸವಲ್ಲ. ನಡುವೆ ಎತ್ತರ ಬಿಟ್ಟು, ಸುತ್ತ ಇಳಿಜಾರು ಮಾಡುತ್ತಾ ಬರಬೇಕು. ಇಲ್ಲದಿದ್ದರೆ ಮಳೆ ನೀರು ಒಳಗೆ ಇಳಿದು ಹುಲ್ಲು ಕೊಳೆಯುತ್ತದೆ. ಅವರು ಕಟ್ಟಿದ ಬಣವೆ ಒಂದು ಕಡೆ ಸ್ವಲ್ಪ ಉಬ್ಬಿತ್ತು. ನಾನು ಆಳುಗಳಿಗೆ ಮಜ್ಜಿಗೆ ತಂದವಳು, "ಇದೇನ್ರಿ, ಬಣವೆ ಕಟ್ಟೀರೋ, ಬಸುರಿ ಹೆಂಗಸನ್ನ ನಿಲ್ಸೀರೋ?" ಅಂದೆ. ಆಳುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರೂ ಮೇಲಿಂದ ನಕ್ಕರು. ಇಳಿದು ಬಂದು ಕೈ ತೊಳೆದುಕೊಂಡರು.

ಮರುವರ್ಷ ಕೂಲಿ ಕೊಟ್ಟು ಬೇರೆಯವರನ್ನು ಕರೆದುಕೊಂಡು ಬಂದರು. ಅಲ್ಲಿಂದ ಈಚೆಗೆ ನಮ್ಮ ಬಣವೆಗೆ ಅವರು ಕೈ ಹಚ್ಚಿಲ್ಲ. ಬುದ್ಧಿ ಬಂತು ಅಂದುಕೊಂಡೆ. ಆ ಉಬ್ಬಿದ ಬಣವೆ ಮಳೆಗಾಲವಿಡೀ ನಿಂತಿತ್ತು, ಒಂದು ಹಿಡಿ ಹುಲ್ಲು ಕೊಳೆಯಲಿಲ್ಲ. ಅದನ್ನು ಮಾತ್ರ ನಾನು ಯಾರ ಎದುರೂ ಹೇಳಲಿಲ್ಲ.

ಆಸ್ಪತ್ರೆಯಿಂದ ಬಂದ ಮೂರನೇ ದಿನ ಸೊರಬಕ್ಕೆ ಹೋದೆ. ಅಲ್ಲಿ ನನ್ನ ನಾದಿನಿ ಗಿರಿಜಾ ಇದ್ದಾಳೆ, ಇವರ ಒಬ್ಬಳೇ ತಂಗಿ. ಇವರು ಹದಿನೈದು ದಿನಕ್ಕೊಮ್ಮೆ ಅಲ್ಲಿಗೆ ಹೋಗಿ ಬರುತ್ತಾರೆ. ಹೋಗಿ ಏನು ಮಾಡುತ್ತಾರೆ ಅಂತ ನಾನು ಕೇಳಿದವಳಲ್ಲ. ಕೂತು ಬರುತ್ತಾರೆ ಅಂದುಕೊಂಡಿದ್ದೆ. ಅಣ್ಣನ ಕಣ್ಣಿನ ಸುದ್ದಿಯನ್ನು ಫೋನಿನಲ್ಲಿ ಹೇಳಿದರೆ ಗಾಬರಿಯಾಗುತ್ತಾಳೆ, ಎದುರಿಗೇ ಹೇಳೋಣ ಅಂತ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿದೆ. (ಹೆಂಗಸರಿಗೆ ಈಗ ಟಿಕೆಟ್ಟಿಲ್ಲವಲ್ಲ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಸೀಟು ಮಾತ್ರ ಯಾವ ಕಾರ್ಡಿಗೂ ಸಿಗುವುದಿಲ್ಲ.)

ಗಿರಿಜಾ ಹಿತ್ತಲಲ್ಲಿ ದನಕ್ಕೆ ಹುಲ್ಲು ಹಿರಿಯುತ್ತಿದ್ದಳು. ಮಳೆ ಹಿಡಿದು ತಿಂಗಳಾಗಿತ್ತು. ಬಣವೆಯ ಒಳಗಿಂದ ಬಂದ ಹುಲ್ಲು ಗರಿಗರಿ, ಹೊಂಬಣ್ಣ. ನನಗೆ ಕೆಲಸ ಚೆನ್ನಾಗಿದ್ದರೆ ಕಣ್ಣಿಗೆ ಬೀಳುತ್ತದೆ.

"ಯಾರ ಕೈಲಿ ಕಟ್ಟಿಸಿದ್ಯೇ ಇದನ್ನ? ಎಂಥ ಕೈ! ನಮ್ಮ ಕಡೆಗೂ ಕಳ್ಸೇ ಅವನ್ನ. ನಮ್ಮಲ್ಲಿ ಕಟ್ಟಾವ್ರು ಬರೇ ಕೂಲಿ ಎಣಿಸ್ಕಂತಾರೆ."

ಗಿರಿಜಾ ನನ್ನನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳೋ ಏನೋ.

"ಅಣ್ಣಯ್ಯಂದೇ ಅಲ್ವಾ ಅತ್ತಿಗೆ? ಪ್ರತಿ ವರ್ಷ ನಮ್ಮನೆ ಬಣವೆ ಅವನೇ ಅಲ್ವಾ? ಈ ಸಲ ಕಣ್ಣು ಸರಿಯಿಲ್ಲ ಅಂತ ಮೇಲೆ ಹತ್ಲಿಲ್ಲ. ಕೆಳಗೆ ನಿಂತ್ಕಂಡು ಆಳುಗಳಿಗೆ ಕೂಗಾಡಿ ಕೂಗಾಡಿ ಕಟ್ಸಿದ. ಅವನ ಬಾಯಿ ತಡ್ಯಕ್ಕೆ ಆಗಲ್ಲ ಮಾರಾಯ್ತಿ!"

ಕೂಗಾಡಿ? ನಮ್ಮ ಯಜಮಾನರು?

"ಬಂದ್ರೆ ಈ ಕಟ್ಟೆ ಮೇಲೆ ಹತ್ತು ಜನ ಇರ್ತಾರೆ. ಜಮೀನಿನ ಪಹಣಿ, ಪೋಡಿ, ಯಾರ ಹದ್ದುಬಸ್ತು ತಕರಾರು, ಎಲ್ಲ ಅವನ್ನೇ ಕೇಳೋದು. ನಿಮ್ಮಲ್ಲಿ ಅವನು ಮಾತಾಡಲ್ವಾ?"

ಅವಳು ಹೇಳಿದ ಎಲ್ಲದರಲ್ಲಿ ಒಂದು ಮಾತನ್ನು ನಾನು ಹಿಡಿದುಕೊಂಡೆ.

"ಕಣ್ಣು ಸರಿಯಿಲ್ಲ ಅಂತ ನಿಂಗೆ ಯಾವಾಗ ಹೇಳಿದ್ರೇ?"

"ಸಂಕ್ರಾಂತಿಗೂ ಮುಂಚೆ. ಡಾಕ್ಟ್ರಿಗೆ ತೋರ್ಸು ಅಂದೆ. ತೋರಿಸ್ತೀನಿ ಅಂದ. ಆಮೇಲಾದ್ರೂ ನಿಮಗೆ ಹೇಳಿರ್ತಾನೆ, ನೀವು ನೋಡ್ಕೊಳ್ತಿದೀರಿ ಅಂದ್ಕಂಡೆ. ಕೊನೆಗೂ ಹೇಳ್ಲಿಲ್ವಾ ಅತ್ತಿಗೆ?"

ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಸೆರಗಿನ ತುದಿಯಿಂದ ಕೈ ಒರೆಸಿಕೊಂಡು ಅವಳು ಹತ್ತಿರ ಬಂದಳು. ನನಗೆ ಸಮಾಧಾನ ಮಾಡಲು ಬಂದಳು ಅಂದುಕೊಂಡೆ. ಅವಳು ಅಂಥವಳಲ್ಲ. ನಾನೂ ಅಂಥದ್ದನ್ನು ಈಸಿಕೊಳ್ಳುವವಳಲ್ಲ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕಬೇಡಿ. ನಾನು ಆವಾಗ್ಲೇ ಅವನ್ನ ಕೇಳಿದ್ದೆ, ಅತ್ತಿಗೆಗೆ ಹೇಳಿದ್ಯೇನೋ ಅಂತ. 'ಹೇಳಿದ್ರೆ ಅದೂ ನನ್ನ ತಪ್ಪೇ ಆಗ್ತೈತಿ ಬಿಡೇ' ಅಂದು ನಕ್ಕ."

ಆ ನಗು ನನಗೆ ಗೊತ್ತು. ಬಣವೆಯ ಮೇಲಿಂದ ನಕ್ಕದ್ದೂ ಅದೇ ನಗು. ನಾನು ಅದನ್ನು ಒಪ್ಪಿಗೆ ಅಂದುಕೊಂಡು ಸಂಸಾರ ಮಾಡಿದೆ.

ವಾಪಸು ಬಸ್ಸಿನಲ್ಲಿ ಎಂಟು ತಿಂಗಳನ್ನು ಮತ್ತೆ ನೋಡಿದೆ. ಸೈಕಲ್ ಹೊಡೆಯುವುದನ್ನು ಬಿಟ್ಟರು. ಸೋಮಾರಿತನ ಅಂದೆ. ಊಟಕ್ಕೆ ಕೂರುವ ಜಾಗ ಬದಲಿಸಿದರು, ನಾನು ಅವರ ಎಡಗಡೆಗೆ ಬರುವ ಹಾಗೆ. ವಯಸ್ಸಾದ ಮೇಲೆ ಹಟ ಹೆಚ್ಚಾಯಿತು ಅಂದೆ. ಚಹಾ ಬಸಿಯ ಆಚೆ ಬಿದ್ದ ದಿನ ಬಂದವರ ಎದುರೇ "ಇವರದ್ದು ಎಳೆ ಮಗುವಿನ ಕೈ" ಅಂದೆ. ಅವರು ಬಟ್ಟೆ ತಂದು ನೆಲ ಒರೆಸಿದರು. ಒಂದು ಕಣ್ಣಿನಲ್ಲಿ ಲೋಕ ಮುಚ್ಚಿಹೋಗುತ್ತಿದ್ದ ಮನುಷ್ಯ, ಅದನ್ನು ಹೆಂಡತಿಗೆ ತಿಳಿಯದ ಹಾಗೆ ನಿಭಾಯಿಸುವ ಕೆಲಸವನ್ನೂ ಮಾಡಿದ್ದಾನೆ. ದಡ್ಡನಿಂದ ಆಗುವ ಕೆಲಸವೇ ಅದು?

ತಿದ್ದಿಕೊಳ್ಳೋಣ ಅಂತ ಹೊರಟೆ. ನಗಬೇಡಿ. ಮರುದಿನ ಬೆಳಗ್ಗೆ ಅವರ ಹತ್ತಿರ ಹೋಗಿ ಕೂತೆ.

"ರೀ, ಈ ಸಲ ಹಿತ್ತಲಿಗೆ ಏನು ಹಾಕಣ?"

ಅವರು ಹಿಂದೆ ತಿರುಗಿ ನೋಡಿದರು. ಬೇರೆ ಯಾರನ್ನೋ ಕೇಳಿದೆ ಅಂತ.

"ನಿಮ್ಮನ್ನೇ ಕೇಳಿದ್ದು. ಹೇಳ್ರಿ."

"ನೀನೇ ಹೇಳು."

"ನಾನು ಹೇಳಂಗಿಲ್ಲ. ನೀವು ಹೇಳ್ರಿ."

ಹಿತ್ತಲ ಕಡೆ ಒಮ್ಮೆ ನೋಡಿದರು. "ಬದನೆ?"

"ಬದನೆನಾ? ಹೋದ ವರ್ಷ ಹುಳ ಬಿದ್ದು ಒಂದಾದ್ರೂ ಕೈಗೆ ಬಂತೇನ್ರಿ? ನಿಮಗೆ..."

ಅಲ್ಲಿಗೆ ನಾಲಿಗೆ ಕಚ್ಚಿಕೊಂಡೆ. ತಡವಾಗಿತ್ತು.

"ಹಂಗಾದ್ರೆ ಬ್ಯಾಡ ಬಿಡು" ಅಂದರು, ಎದ್ದು ಹೋದರು. ಸಿಟ್ಟಿಲ್ಲ. ಅದೇ ಮೆತ್ತಗಿನ ದನಿ. ಸಿಟ್ಟಾದರೂ ಬಂದಿದ್ದರೆ ಹಿಡಿದುಕೊಳ್ಳಲು ಒಂದು ತುದಿ ಸಿಗುತ್ತಿತ್ತು. ನಾನು ಬದನೆ ಸಸಿ ತರಿಸಿ ಹಾಕಿದ್ದೇನೆ. ಅವರು ಅದಕ್ಕೆ ನೀರು ಹಾಕುತ್ತಾರೆ. ಮಾತಿಲ್ಲ.

ಆ ಹೆಣ್ಣುಮಗಳಿಗೆ ನಾನು ಬರೆದ ಉತ್ತರ ತಪ್ಪೆಂದು ಹೇಳುತ್ತಿಲ್ಲ. ಆದರೆ ಎಲ್ಲರೂ ತಿರುಗಿಸಿ ಹೇಳುವುದಿಲ್ಲ ತಾಯಿ. ಕೆಲವರು ಹೇಳುವುದನ್ನೇ ನಿಲ್ಲಿಸಿಬಿಡುತ್ತಾರೆ, ಮನೆಯವರಿಗೆ ಅದು ಶಾಂತಿಯ ಹಾಗೆ ಕಾಣುತ್ತದೆ. ನಮ್ಮ ಮನೆಯಲ್ಲಿ ಜಗಳವೇ ಇಲ್ಲ ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗಿದವಳು.

ಈಗ ನನಗಿರುವ ಭಯ ಒಂದೇ. ಎಡಗಣ್ಣು. ಡಾಕ್ಟರು ಹೇಳಿದ್ದೇನು? ಮಂಜಾದ ದಿನವೇ ಮನೆಯಲ್ಲಿ ಹೇಳಬೇಕು. ಮನೆಯಲ್ಲಿ ಅಂದರೆ ಯಾರಿಗೆ? ನನಗೆ. ಡ್ರಾಪ್ಸ್ ಹಾಕುವಾಗ ದಿನಾ ಕೇಳುತ್ತೇನೆ, "ಕಣ್ಣು ಹೆಂಗೈತ್ರಿ?" ಅಂತ. ದನಿ ಮೆತ್ತಗೆ ಮಾಡಿಕೊಂಡೇ ಕೇಳುತ್ತೇನೆ. "ಚೆನ್ನಾಗೈತಿ" ಅನ್ನುತ್ತಾರೆ. ಆ ಎಂಟು ತಿಂಗಳಲ್ಲಿ ಏನು ಕೇಳಿದರೂ ಹೇಳಿದ್ದು ಇದನ್ನೇ. ಹೇಗೆ ನಂಬಲಿ?

ಮೊನ್ನೆ ಗಿರಿಜಾಗೆ ಫೋನ್ ಹಚ್ಚಿ ಕೇಳಿಕೊಂಡೆ. ನಾನು ಅವಳ ಹತ್ತಿರ ಏನನ್ನಾದರೂ ಕೇಳಿಕೊಂಡದ್ದು ಇದೇ ಮೊದಲು. "ನಿಮ್ಮಣ್ಣ ಕಣ್ಣಿನ ವಿಷಯ ಏನಾದ್ರೂ ಅಂದ್ರೆ ಆ ಕ್ಷಣ ನನಗೆ ತಿಳ್ಸೇ" ಅಂದೆ.

"ತಿಳಿಸ್ತೀನಿ ಅತ್ತಿಗೆ" ಅಂದಳು. ಮತ್ತೆ, "ಆದ್ರೆ ನನ್ನಿಂದ ಗೊತ್ತಾಯ್ತು ಅಂತ ಅವನಿಗೆ ಹೇಳ್ಬೇಡಿ. ಆಮೇಲೆ ನನಗೂ ಹೇಳೋದು ಬಿಟ್ಬಿಡ್ತಾನೆ."

ಅವರು ಜಗಲಿಯ ಮೇಲೆ ಕೂತಿದ್ದಾರೆ, ನನ್ನಿಂದ ಹತ್ತು ಹೆಜ್ಜೆ. ಅವರ ಕಣ್ಣಿನ ಸುದ್ದಿ ನನಗೆ ಸೊರಬದಿಂದ ಬರಬೇಕು.